ಬಾವಿ ಲೆಕ್ಕ, ಸಮುದ್ರದ ತೂಕ

ನಮ್ಮ ಔರಾದದಾಗ ಬಾವಿಗಿ ಕೊಡ ಬಿದ್ರ ನನ್ನನ್ನೇ ಕರೀತಾರ. ಟೊಂಕಕ್ಕ ಒಂದು ಕಲ್ಲು ಕಟ್ಟಿಕೊಂಡು ಮುಳುಗಿ ತರ್ತೇನಿ. ಹಿಂಗಾಗಿ ಮುರುಡೇಶ್ವರದಾಗ ಸ್ಕೂಬಾ ಕಲಿಸೋ ಅಣ್ಣ ನನಗ ದಪ್ಪ ರಬ್ಬರ್ ಅಂಗಿ ತೊಡಿಸಿ, ಬೆಲ್ಟಿಗಿ ಆರು ಸೀಸದ ತುಂಡು ಹಾಕಿದಾಗ ನಗಿ ಬಂತು. ಅಂವ ಆಕಡಿ ತಿರುಗಿದ ಕೂಡ್ಲೇ ನಾಲ್ಕು ತೆಗೆದು ನನ್ನ ಜೋಡಿ ಬಂದಿದ್ದ ಮಾವನ ಚೀಲಕ್ಕ ತುರುಕಿ, ದೋಣಿಯಿಂದ ನೀರಿಗಿ ಜಿಗಿದೆ.

ಮುಳುಗಲೇ ಇಲ್ಲ, ಬೆಂಡಿನಂಗ ತೇಲಿದೆ. ನೀರಿನ ತಳದಾಗಿಂದ ಫೋಟೊ ತರ್ತೇನಿ ಅಂತ ಊರಿಗೆಲ್ಲ ಹೇಳಿ ಬಂದಿದ್ದೆ.

"ತುಂಡು ಎಲ್ಲಿ ಹೋಯ್ತು ಮಾರಾಯ?" ಅಣ್ಣ ಕೇಳಿದ.

"ಮಾವನ ಚೀಲದಾಗ ಅದಾವ್ರಿ. ನಮ್ಮ ಬಾವ್ಯಾಗ ಒಂದೇ ಕಲ್ಲಿಗಿ ಮುಳುಗ್ತೇನ್ರಿ."

"ಉಪ್ಪು ನೀರು ಮೇಲೆತ್ತುತ್ತದೆ. ಈ ದಪ್ಪ ರಬ್ಬರ್ ಅಂಗಿಯೂ ಎತ್ತುತ್ತದೆ. ನಿಮ್ಮ ಬಾವಿಯಲ್ಲಿ ಎರಡೂ ಇಲ್ಲ."

"ಹಂಗಾದ್ರ ಅಂಗಿ ಯಾಕ್ರಿ ಅಣ್ಣಾ? ನೀರು ಜಳಕಕ್ಕ ಕಾಸಿದಂಗ ಬೆಚ್ಚಗದರಿ."

ಅಂವ ನಕ್ಕು ತೆಳು ಅಂಗಿ ಕೊಟ್ಟ. ಅದಕ್ಕ ಮೂರೇ ತುಂಡು ಸಾಕಾತು, ತಳ ಮುಟ್ಟಿದೆ. ಫೋಟೊನೂ ಬಂತು. ಅದರಾಗ ಮುಖವಾಡ ಮತ್ತ ಗುಳ್ಳಿ ಅಷ್ಟೇ ಕಾಣ್ತಾವ. ಅದು ನಾನೇ ಅಂತ ಔರಾದದಾಗ ಇನ್ನೂ ಯಾರೂ ನಂಬಿಲ್ಲರಿ.