ನೀಲಿ ಮೀನುಗಳ ಹಿಂದೆ ವಿತುಚ್ಚಾ

ಕಡಲ ದಂಡೆಯ ಬಾರಿ ಎಂಬ ಪಟ್ಟಣದ ಹಳೇ ಊರಿನಲ್ಲಿ ಹೆಂಗಸರು ಮನೆಯೊಳಗೆ ಬದುಕುವುದು ಕಡಿಮೆ, ಮನೆಯ ಮುಂದೆ ಬದುಕುವುದೇ ಹೆಚ್ಚು. ಬೆಳಗಾಯಿತೆಂದರೆ ಮೊದಲು ಕುರ್ಚಿ ಹೊರಗೆ ಬರುತ್ತದೆ. ಆಮೇಲೆ ಮೇಜು, ಮೇಜಿನ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಹಿಟ್ಟು. ವಿತುಚ್ಚಾ ಹೀಗೆ ಬಾಗಿಲ ಮುಂದೆ ಕೂತುಕೊಂಡೇ ಎಪ್ಪತ್ತು ದಾಟಿದವಳು. ಗೋಧಿ ರವೆಯ ಹಿಟ್ಟನ್ನು ನಾದಿ, ಉದ್ದಕ್ಕೆ ಹೊಸೆದು, ಚೂರು ಮಾಡಿ, ಮೊಂಡು ಚಾಕುವಿನಿಂದ ಎಳೆದು ಹೆಬ್ಬೆರಳ ಮೇಲೆ ಮಗುಚಿದರೆ ಒಂದು ಪುಟ್ಟ ಕಿವಿ. ಆ ಪಾಸ್ತಾ ಕಿವಿಗಳನ್ನು ಒಣಗಿಸಿ ಮಾರುವುದು ಅವಳ ಕಸುಬು. ಅವಳಮ್ಮನದೂ ಅದೇ ಆಗಿತ್ತು. "ಊರಿಗೆಲ್ಲ ಕಿವಿ ಮಾಡ್ತೀಯ, ನೀನು ಮಾತ್ರ ಯಾರ ಮಾತಿಗೂ ಕಿವಿ ಕೊಡಲ್ಲ" ಎಂದು ಎದುರು ಮನೆಯ ಚೆಕ್ಕಿನಾ ದಿನಕ್ಕೊಮ್ಮೆಯಾದರೂ ಚುಚ್ಚುತ್ತಿದ್ದಳು. ವಿತುಚ್ಚಾ ಅದಕ್ಕೂ ಕಿವಿ ಕೊಡುತ್ತಿರಲಿಲ್ಲ.

ಅವಳ ಎದುರಿಗೆ ಎತ್ತಬಾರದ ಹೆಸರು ಒಂದಿತ್ತು, ನುನ್ಸಿಯಾ. ಒಡಹುಟ್ಟಿದ ತಂಗಿ. ಮದುವೆಯಾಗಿ ಹೋಗಿದ್ದು ದೊಡ್ಡ ದೇವಾಲಯದ ಕಡೆಗೆ, ಸಂತ ಸಬೀನೊನ ಓಣಿಗೆ. ವಿತುಚ್ಚಾ ಇರುವ ಸಂತ ನಿಕೋಲನ ಕಡೆಯವರಿಗೂ ಸಬೀನೊನ ಕಡೆಯವರಿಗೂ ಅಜ್ಜ ಮುತ್ತಜ್ಜನ ಕಾಲದಿಂದ ಎಣ್ಣೆ ಸೀಗೆಕಾಯಿ. ಯಾವ ಸಂತ ದೊಡ್ಡವನು, ಯಾವ ಗಂಟೆಯ ದನಿ ಗಟ್ಟಿ ಎಂದು ಜಗಳ. ಆದರೆ ಅಕ್ಕತಂಗಿಯರು ಮಾತು ಬಿಟ್ಟದ್ದು ಸಂತರಿಗಾಗಿ ಅಲ್ಲ. ಪಾಪ, ಸಂತರಿಗೆ ಅದರ ಸುದ್ದಿಯೂ ಇರಲಿಕ್ಕಿಲ್ಲ.

ವಿತುಚ್ಚಾಳ ಗಂಡ ಒನೋಫ್ರಿಯೊ, ದೋಣಿಯವನು, ಒಂದು ಚಳಿಗಾಲದಲ್ಲಿ ಎದೆನೋವಿನಿಂದ ತೀರಿಕೊಂಡ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವ ಹಾಗಿಲ್ಲ. ನೆಂಟರಿಷ್ಟರೇ ಬೇಯಿಸಿ ತರಬೇಕು. ಬಿಸಿ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಬರುವವರು ಬಾಗಿಲು ತಟ್ಟುವುದು ಹೇಗೆ? ಅದಕ್ಕೇ ಆ ದಿನಗಳಲ್ಲಿ ಬಾಗಿಲನ್ನು ಅರ್ಧ ತೆರೆದಿಡುತ್ತಾರೆ. ಬಂದವರು ಭುಜದಿಂದ ನೂಕಿ, ಒಳಗೆ ಇಟ್ಟು, ಒಂದು ಗಳಿಗೆ ಕೂತು ಹೋಗುತ್ತಾರೆ. ಮಣ್ಣು ಮಾಡಿ ಬಂದ ಸಂಜೆಯ ಊಟ ಒಡಹುಟ್ಟಿದವರ ಪಾಲು. ಆ ಸಂಜೆ ನುನ್ಸಿಯಾ ಬರಲಿಲ್ಲ. ಚೆಕ್ಕಿನಾ ಬಂದಳು, ಮೀನುಗಾರರ ಹೆಂಡಂದಿರು ಬಂದರು. ಬೆನ್ನಿಗೆ ಬಿದ್ದ ತಂಗಿಯ ಮನೆಯಿಂದ ಒಂದು ಚಮಚ ಸಾರೂ ಬರಲಿಲ್ಲ. ವಿತುಚ್ಚಾ ಏಕೆಂದು ಕೇಳಲಿಲ್ಲ, ನುನ್ಸಿಯಾ ಏನೂ ಹೇಳಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದ ಎರಡು ಓಣಿಗಳ ನಡುವೆ ವರ್ಷಗಳು ಹೋದವು.

ಈ ವಸಂತದಲ್ಲಿ ಚೆಕ್ಕಿನಾ ಒಂದು ಬೆಳಿಗ್ಗೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಾನು ಯಾರ ಹೆಸರನ್ನೂ ಎತ್ತಲ್ಲಮ್ಮ. ಆ ಕಡೆ ಒಬ್ಬಳ ಕುರ್ಚಿ ಬಾಗಿಲ ಹೊರಗೆ ಬಂದು ತುಂಬ ದಿನ ಆಯ್ತಂತೆ. ಬಿದ್ದಳಂತೆ."

"ಬಿದ್ದು ಏನಾಯ್ತಂತೆ?"

"ನನಗೇನು ಗೊತ್ತು? ಸಬೀನೊ ಕಡೆಯವರು ನಮ್ಮ ಹತ್ರ ಬಾಯಿ ಬಿಡ್ತಾರಾ? ಹೋಗಿ ನೋಡ್ಕೊಂಡು ಬಾ."

"ನಾನ್ಯಾಕೆ ಹೋಗ್ಲಿ? ದೊಡ್ಡವಳು ನಾನು, ಗಂಡನ್ನ ಕಳ್ಕೊಂಡವಳೂ ನಾನು. ಬರಬೇಕಾದವಳು ಅವಳು."

ಹೇಳಿದ್ದೇನೋ ಹೇಳಿಬಿಟ್ಟಳು. ಆದರೆ ಅಂದು ಮಾಡಿದ ಕಿವಿಗಳೆಲ್ಲ ಸೊಟ್ಟಗಾದವು. ಕುರ್ಚಿ ಹೊರಗೆ ಬಾರದ ಮನೆಯೆಂದರೆ ಈ ಊರಿನಲ್ಲಿ ಎರಡೇ ಅರ್ಥ: ಕಾಯಿಲೆ, ಇಲ್ಲವೇ ಅದಕ್ಕಿಂತ ಕೆಟ್ಟದ್ದು. ನುನ್ಸಿಯಾಳನ್ನು ಒಮ್ಮೆ ಕಣ್ಣಾರೆ ನೋಡಬೇಕು. ಆದರೆ ತಾನಾಗಿ ಹೋದೆ ಎನಿಸಿಕೊಳ್ಳಬಾರದು.

ದಾರಿ ಅವಳ ಕಾಲಬುಡದಲ್ಲೇ ಇತ್ತು. ಪ್ರವಾಸಿಗರಿಗೆಂದು ಊರಿನ ಕಲ್ಲುಹಾಸಿನ ಮೇಲೆ ನೀಲಿ ಮೀನುಗಳನ್ನು ಬರೆಸಿದ್ದರು. ಗೈಡ್ ಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಕೈಯಲ್ಲೊಂದು ನಕ್ಷೆ ಹಿಡಿದು, ಮೀನಿನ ಬಾಯಿ ಯಾವ ಕಡೆಗೋ ಆ ಕಡೆ ನಡೆಯುತ್ತಾ ಹೋದರೆ ಊರೆಲ್ಲ ಸುತ್ತಿ ಬರಬಹುದು. ಮೀನುಗಳು ವಿತುಚ್ಚಾಳ ಬಾಗಿಲ ಮುಂದೆ ಹಾದು, ಕಡಲಗೋಡೆ ಹತ್ತಿ, ದೋಣಿಕಟ್ಟೆಗೆ ಇಳಿದು, ದೊಡ್ಡ ದೇವಾಲಯದ ಹಿಂದೆ ನುನ್ಸಿಯಾಳ ಮನೆಯ ಕಮಾನಿನ ಕೆಳಗೆ ನುಸುಳುತ್ತಿದ್ದವು. 'ನಾನು ಹೋಗಿದ್ದಲ್ಲ, ಮೀನು ಕರ್ಕೊಂಡು ಹೋಯ್ತು.' ಯಾರಾದರೂ ಕೇಳಿದರೆ ಹೀಗೆ ಹೇಳುವುದೆಂದು ಅವಳು ನಿರ್ಧರಿಸಿದಳು.

ಯಾರೋ ಪ್ರವಾಸಿ ಮೇಜಿನ ಮೇಲೆ ಮರೆತು ಹೋದ ನಕ್ಷೆ ಇತ್ತು. ಸೊಸೆಯ ಹುಲ್ಲಿನ ಟೋಪಿ ಸಿಕ್ಕಿತು. ಕಣ್ಣಿನ ಪೊರೆ ತೆಗೆಸಿದಾಗ ಕೊಟ್ಟ ಕಪ್ಪು ಕನ್ನಡಕವೂ ಇತ್ತು. ಎಲ್ಲವನ್ನೂ ತೊಟ್ಟು, ನಕ್ಷೆಯನ್ನು ಮುಖದ ಮುಂದೆ ಹಿಡಿದು ವಿತುಚ್ಚಾ ಹೊರಟಳು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ಇಷ್ಟು ಧೈರ್ಯ ಇರಲಿಕ್ಕಿಲ್ಲ.

ಮೊದಲ ಮೀನು, ಎರಡನೆಯ ಮೀನು. ತಲೆ ತಗ್ಗಿಸಿ ನಡೆಯುತ್ತಿದ್ದಂತೆ ಅವಳಿಗೆ ಏನೋ ಆಯಿತು. ಇಷ್ಟು ವರ್ಷ ಈ ಕಲ್ಲುಗಳ ಮೇಲೆ ಅವಳು ನಡೆದಿದ್ದಳು, ಆದರೆ ಹೊರೆಯಿಲ್ಲದೆ ನಡೆದಿರಲಿಲ್ಲ. ಒಂದೋ ಕೈಯಲ್ಲಿ ಹಿಟ್ಟಿನ ಚೀಲ, ಇಲ್ಲವೇ ಸೊಂಟದಲ್ಲಿ ಮಗು, ಇಲ್ಲವೇ ತಲೆಯ ತುಂಬ ಲೆಕ್ಕ. ಈಗ ಕಪ್ಪು ಗಾಜಿನ ಹಿಂದೆ ಊರು ಮೆತ್ತಗಾಗಿ, ನೀರಿನಡಿಯಲ್ಲಿ ಇದ್ದಂತೆ ಕಂಡಿತು. ಬಿಳಿ ಕಲ್ಲಿನ ಗೋಡೆಗಳ ನಡುವೆ ಒದ್ದೆ ಬಟ್ಟೆಗಳು ತೂಗುತ್ತಿದ್ದವು. ಮೂಲೆಯ ಗೂಡಿನಲ್ಲಿ ಮಾತೆ ಮರಿಯಳ ಮುಂದೆ ಯಾರೋ ತಾಜಾ ಕಾರ್ನೇಷನ್ ಹೂ ಇಟ್ಟಿದ್ದರು. 'ಈ ದೇವರು ಇಲ್ಲಿತ್ತಾ?' ಎಂದುಕೊಂಡಳು. ಆಮೇಲೆ ನೆನಪಾಯಿತು, ಹದಿನಾರರ ವಯಸ್ಸಿನಲ್ಲಿ ಇದೇ ಗೂಡಿನ ಮುಂದೆ ಒನೋಫ್ರಿಯೊ ಅವಳನ್ನು ತಡೆದು ನಿಲ್ಲಿಸಿ, ಏನು ಹೇಳಬೇಕೆಂದು ತೋಚದೆ ಗಂಟೆ ಎಷ್ಟೆಂದು ಕೇಳಿದ್ದ. ಅವಳ ಬಳಿ ಗಡಿಯಾರ ಎಲ್ಲಿತ್ತು?

ಕಡಲಗೋಡೆಯ ಮೇಲೆ ಹತ್ತಿದಾಗ ಗಾಳಿ ಟೋಪಿಯನ್ನು ಎತ್ತಿತು. ಸಮುದ್ರ ಎದುರಿಗೇ ಹರಡಿತ್ತು. ಸಮುದ್ರವೆಂದರೆ ಅವಳಿಗೆ ಗಂಡ ಹೋಗುವ ಜಾಗ, ಗಂಡ ಬರುವ ಜಾಗ. ಅದನ್ನು ಸುಮ್ಮನೆ ನೋಡಬಹುದು ಎಂದು ಗೊತ್ತೇ ಇರಲಿಲ್ಲ. ಅವಳು ಗೋಡೆಗೆ ಒರಗಿ ಬಹಳ ಹೊತ್ತು ನಿಂತಳು. ದೂರದಲ್ಲಿ ಒಂದು ದೋಣಿ ನಿಂತೇ ಇದೆಯೋ ಚಲಿಸುತ್ತಿದೆಯೋ ತಿಳಿಯಲಿಲ್ಲ. ಚಿಕ್ಕಂದಿನಲ್ಲಿ ತಾನೂ ನುನ್ಸಿಯಾಳೂ ಇಲ್ಲಿ ಕಾಲು ಇಳಿಬಿಟ್ಟು ಕೂತು, ಅಮ್ಮನಿಗೆ ಕಾಣದಂತೆ ಹಸಿ ಹಿಟ್ಟು ತಿನ್ನುತ್ತಿದ್ದದ್ದು ನೆನಪಾಯಿತು. ಹೊಟ್ಟೆನೋವು ಬಂದರೆ ನುನ್ಸಿಯಾಳಿಗೇ ಬರುತ್ತಿತ್ತು, ಬೈಗುಳ ಮಾತ್ರ ದೊಡ್ಡವಳಿಗೆ. ಅದನ್ನು ನೆನೆದು ಅವಳಿಗೆ ನಗು ಬಂತು.

ದೋಣಿಕಟ್ಟೆಯಲ್ಲಿ ಒನೋಫ್ರಿಯೊನ ಹಳೇ ಜೊತೆಗಾರ ಮಿಂಗುಚ್ಚೊ ಆಕ್ಟೋಪಸ್‌ಗಳನ್ನು ಮೆತ್ತಗಾಗಲೆಂದು ಕಲ್ಲಿಗೆ ಬಡಿಯುತ್ತಿದ್ದ. ವಿತುಚ್ಚಾ ನಕ್ಷೆಯನ್ನು ಇನ್ನಷ್ಟು ಮೇಲಕ್ಕೆತ್ತಿದಳು.

"ಬನ್ನಿ ಮೇಡಂ, ಬನ್ನಿ! ಯಾವೂರಿಂದ ಬಂದ್ರಿ?"

"ಮಿಲಾನೊ" ಎಂದಳು ಅವಳು, ಮೂಗಿನಿಂದ.

"ಓಹೋ. ಮಿಲಾನೊದಲ್ಲಿ ಎಲ್ಲರೂ ಮೊಣಕೈಗೆ ಹೀಗೇ ಹಿಟ್ಟು ಮೆತ್ಕೊಂಡು ಓಡಾಡ್ತಾರಾ ಮೇಡಂ?"

ಸುತ್ತಲಿದ್ದವರು ಬೇರೆ ಕಡೆ ತಿರುಗಿ ಕೆಮ್ಮಿದರು. ಮಿಂಗುಚ್ಚೊ ನಗಲಿಲ್ಲ. ಆಕ್ಟೋಪಸ್‌ನ ಒಂದು ಹಸಿ ಕಾಲನ್ನು ಕತ್ತರಿಸಿ, ನಿಂಬೆ ಹಿಂಡಿ, ಕಾಗದದ ಮೇಲಿಟ್ಟು ಕೊಟ್ಟ. "ತಿನ್ನಿ. ಹೊಸಬರಿಗೆ ನಮ್ಮೂರಲ್ಲಿ ಮರ್ಯಾದೆ ಜಾಸ್ತಿ. ಮೀನು ಹೋದ ಕಡೆ ನಿಧಾನಕ್ಕೆ ಹೋಗಿ, ಅಲ್ಲಿ ಕಲ್ಲು ಜಾರತ್ತೆ. ಆ ಚಪ್ಪಲೀಲಂತೂ ಇನ್ನೂ ಜಾರತ್ತೆ."

ಅವಳು ಕೆಳಗೆ ನೋಡಿಕೊಂಡಳು. ಮನೆಯೊಳಗೆ ಹಾಕುವ ಬಟ್ಟೆಯ ಚಪ್ಪಲಿ. ಟೋಪಿ, ಕನ್ನಡಕ, ನಕ್ಷೆ ಎಲ್ಲ ನೆನಪಿತ್ತು, ಕಾಲೇ ಮರೆತುಹೋಗಿತ್ತು. ಹಿಂದಿರುಗಲೇ ಎನಿಸಿತು. ಮುಂದಿನ ಮೀನು ದೊಡ್ಡ ದೇವಾಲಯದ ಕಡೆ ಬಾಯಿ ತೆರೆದಿತ್ತು. ಅವಳು ಹೊರಟಳು.

ಈಗ ಓಣಿಗಳು ಇಕ್ಕಟ್ಟಾದವು. ಈ ಕಡೆಯ ಹೆಂಗಸರು ಕುರ್ಚಿಗಳಲ್ಲಿ ಕೂತು ಅವಳನ್ನು ನೋಡಿದರು. ಅವಳು ನಡೆದಂತೆಲ್ಲ ಹರಟೆ ನಿಂತು, ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಹುರಿದ ಮೆಣಸಿನಕಾಯಿಯ ವಾಸನೆ, ಎಲ್ಲೋ ರೇಡಿಯೊ, ಒಂದು ಕಿಟಕಿಯಿಂದ ಹಗ್ಗದಲ್ಲಿ ಇಳಿಯುತ್ತಿದ್ದ ಬುಟ್ಟಿ. ಕನಸಿನಲ್ಲಿ ನಡೆಯುವವರಿಗೆ ಕಾಲು ನೆಲಕ್ಕೆ ತಾಕುವುದಿಲ್ಲ ಎನ್ನುತ್ತಾರಲ್ಲ, ಹಾಗೆ ಅವಳು ಕಮಾನಿನ ಕೆಳಗೆ ಬಂದಳು.

ಕುರ್ಚಿ ಇರಲಿಲ್ಲ. ಮೇಜು ಇರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು.

ಅರ್ಧ ತೆರೆದ ಬಾಗಿಲು! ನಕ್ಷೆ ಕೈಯಿಂದ ಬಿತ್ತು. ಮೀನೂ ಮರೆತುಹೋಯಿತು, ಮಿಲಾನೊವೂ ಮರೆತುಹೋಯಿತು. ಭುಜದಿಂದ ಬಾಗಿಲು ನೂಕಿ "ನುನ್ಸಿ! ಯಾರು ಹೋದ್ರೇ? ನುನ್ಸೀ!" ಎಂದು ಕೂಗುತ್ತಾ ಒಳಗೆ ನುಗ್ಗಿದಳು.

ಒಳಗೆ ನುನ್ಸಿಯಾ ಕೂತಿದ್ದಳು. ಬ್ಯಾಂಡೇಜು ಕಟ್ಟಿದ ಕಾಲು ಸ್ಟೂಲಿನ ಮೇಲೆ, ಮಡಿಲಲ್ಲಿ ಸುಲಿಯುತ್ತಿದ್ದ ಬಟಾಣಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಯಾರೂ ಹೋಗಿಲ್ಲ. ನಮ್ಮನೆಯವ್ರು ಅಂಗಡೀಲಿದ್ದಾರೆ, ನಾನು ಇಲ್ಲಿದ್ದೀನಿ. ಮೊದ್ಲು ಆ ಟೋಪಿ ತೆಗಿ."

"ಮತ್ತೆ ಬಾಗಿಲು ಯಾಕೆ ಹಾಗಿದೆ? ಜೀವ ಬಾಯಿಗೆ ಬಂತಲ್ಲೇ, ಹಾಳಾದವಳೇ!"

"ನೀನು ತಟ್ಟಲೇ ಇಲ್ಲ ಅಕ್ಕಾ."

"ಅರ್ಧ ತೆರೆದ ಬಾಗಿಲು ಯಾರಾದ್ರೂ ತಟ್ತಾರಾ?"

"ತಟ್ಟಲ್ಲ. ಸಾವಿನ ಮನೇಲಿ ಮುಚ್ಚಿದ ಬಾಗಿಲನ್ನೂ ತಟ್ಟಲ್ಲ. ವಾಪಸ್ ಹೋಗ್ತಾರೆ." ನುನ್ಸಿಯಾ ಬಟಾಣಿಯತ್ತ ನೋಡುತ್ತಲೇ ಹೇಳಿದಳು. "ಭಾವನ್ನ ಮಣ್ಣು ಮಾಡಿದ ಸಂಜೆ ಅಮ್ಮನ ದೊಡ್ಡ ಪಾತ್ರೆ ತುಂಬ ಸಾರು ಹೊತ್ಕೊಂಡು ಬಂದಿದ್ದೆ. ನಿನ್ನ ಬಾಗಿಲು ಮುಚ್ಚಿತ್ತು. ಊರಿಗೆಲ್ಲ ತೆರೆದಿದ್ದ ಬಾಗಿಲು ನನಗೆ ಮುಚ್ಚಿದಾಳೆ ಅಂದ್ಕೊಂಡೆ. ಸಬೀನೊ ಕಡೆಯವಳು ಅಂತಾನೋ, ಬೇರೆ ಏನು ತಪ್ಪು ಮಾಡಿದ್ನೋ. ದಾರಿಯುದ್ದಕ್ಕೂ ಅತ್ಕೊಂಡು ವಾಪಸ್ ಬಂದೆ."

ವಿತುಚ್ಚಾ ಕನ್ನಡಕ ತೆಗೆದಳು. ಆ ಸಂಜೆ ಅವಳ ಕಣ್ಣ ಮುಂದೆ ಬಂತು. ಬಡಗಣ ಗಾಳಿ ಬೀಸುತ್ತಿತ್ತು. ದಢಾರ್ ಎಂದು ಒಂದು ಸದ್ದಾಗಿತ್ತು. ಒಳಕೋಣೆಯಲ್ಲಿ ಮಲಗಿದ್ದ ಅವಳಿಗೆ ಎದ್ದು ನೋಡುವ ಮನಸ್ಸಿರಲಿಲ್ಲ. ಆಮೇಲೆ ಯಾರೋ ಬಾಗಿಲನ್ನು ಮತ್ತೆ ತೆರೆದಿಟ್ಟಿದ್ದರು.

"ಗಾಳಿ ಕಣೇ" ಎಂದಳು. "ನಾನಲ್ಲ. ಬರೀ ಗಾಳಿ."

ಕಳೆದ ವರ್ಷಗಳೆಲ್ಲ ಆ ಕೋಣೆಯಲ್ಲಿ ಬಂದು ಕೂತಂತಿತ್ತು. ಒಂದು ಸಲ ಕೂಗಬಹುದಿತ್ತು, ಒಂದು ಸಲ ಕೇಳಬಹುದಿತ್ತು. ಹಟದಲ್ಲಿ ಇಬ್ಬರೂ ಅಮ್ಮನ ಮಕ್ಕಳೇ. ತಂಗಿಯ ಕೂದಲು ಅಕ್ಕನ ಕಣ್ಣಿಗೆ ಬೀಳದೆಯೇ ಬೆಳ್ಳಗಾಗಿತ್ತು.

"ಈಗ ಯಾಕೆ ಹೀಗೆ ತೆರೆದಿಟ್ಟಿದ್ದೀಯ? ಅಪಶಕುನ ಅಲ್ವೇನೇ?"

"ಅಕ್ಕಪಕ್ಕದವರೂ ಹಾಗೇ ಬೈದ್ರು. ಬಿದ್ದ ದಿನದಿಂದ ಹೀಗೇ ಇಟ್ಟಿದ್ದೀನಿ." ನುನ್ಸಿಯಾ ಈಗ ತಲೆಯೆತ್ತಿದಳು. "ಎದ್ದು ನಿನ್ನ ಮನೆವರೆಗೂ ಬರೋಕೆ ಕಾಲಿರಲಿಲ್ಲ. ನೀನಾಗಿ ತಟ್ಟಿ ಬರೋಳಲ್ಲ. ಬಾಗಿಲು ಹೀಗಿದ್ರೆ ಮಾತ್ರ ತಟ್ಟದೇ ನುಗ್ತೀಯ ಅಂತ ಗೊತ್ತಿತ್ತು."

ವಿತುಚ್ಚಾ ಏನೋ ಬೈಯಲು ಬಾಯಿ ತೆರೆದಳು. ಬೈಗುಳ ಬರಲಿಲ್ಲ, ಅಳು ಬಂತು. ಹಿಟ್ಟು ಮೆತ್ತಿದ ಕೈಯಿಂದಲೇ ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಬಟಾಣಿ ನೆಲದ ತುಂಬ ಉರುಳಿತು.

ಕಡಲ ಕಡೆಯಿಂದ ಗಾಳಿ ಓಣಿಗೆ ನುಗ್ಗಿತು. ಬಾಗಿಲು ಕಿರ್ರೆಂದು ಮುಚ್ಚಿಕೊಳ್ಳಲು ಹೊರಟಿತು. ವಿತುಚ್ಚಾ ಹಾರಿ ಹೋಗಿ ಅದನ್ನು ಹಿಡಿದಳು. ಸುತ್ತ ನೋಡಿದಳು, ಕಲ್ಲಿಲ್ಲ, ಇಟ್ಟಿಗೆಯಿಲ್ಲ. ಕಾಲಿನ ಚಪ್ಪಲಿ ಕಳಚಿ ಬಾಗಿಲ ಕೆಳಗೆ ಗಟ್ಟಿಯಾಗಿ ತುರುಕಿದಳು.

"ಅಯ್ಯೋ, ಮನೆ ಚಪ್ಪಲೀಲೇ ಊರೆಲ್ಲ ಸುತ್ಕೊಂಡು ಬಂದೆಯಾ?" ನುನ್ಸಿಯಾ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು.

ವಿತುಚ್ಚಾ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಕುಂಟುತ್ತಾ ಅಡುಗೆಮನೆಗೆ ನಡೆದಳು. ಅಲ್ಲಿಂದ ಕೂಗಿ ಕೇಳಿದಳು:

"ಅಮ್ಮನ ಆ ಪಾತ್ರೆ ಎಲ್ಲಿಟ್ಟಿದ್ದೀಯೇ?"