ಸೊಲ್ಲಿಗೆ ಕಾಯುತ್ತಿದ್ದ ಪದದತ್ತಿ

ಇಸ್ತ್ರಿ ಪೆಟ್ಟಿಗೆ ಸೀರೆಯ ಅಂಚನ್ನು ಕೊಂಚ ಸುಟ್ಟಿತು, ಅಷ್ಟೆ. ಹತ್ತಿ ಕಮರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಓಡಿಬಂದು ಬೀದಿಯಲ್ಲಿ ನಿಂತಿದ್ದೆ.

ಆದೋನಿಯ ನಮ್ಮ ಓಣಿಯಲ್ಲಿ ಹಾಡು ಕಟ್ಟುವ ಹೆಂಗಸೊಬ್ಬಳಿದ್ದಳು; ಅವಳನ್ನು ಎಲ್ಲರೂ ಪದದತ್ತಿ, ಪದದ ಅತ್ತೆ, ಎನ್ನುತ್ತಿದ್ದರು. ಕೋಸಗಿ ಕಡೆಯವಳು. ಹರೆಯದಲ್ಲಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸುವ ಸುಗ್ಗಿಗೆ ಹೋದಾಗ, ಬಗ್ಗಿದ ಬೆನ್ನಲ್ಲೇ ಪದ ಕಟ್ಟತೊಡಗಿದವಳು. ಆ ಪದಗಳು ಕೂಲಿಯವರ ಜೊತೆ ರೈಲು ಹತ್ತಿ ಊರೂರು ಸೇರಿದವು. ಆಸ್ಪರಿಯ ಮದುವೆ ಮನೆಯೊಂದರಲ್ಲಿ ಅವಳ ಪದವನ್ನು ಅವಳಿಗೇ ಕಲಿಸಿದರಂತೆ. ಇವಳು ಸುಮ್ಮನೆ ಕಲಿತು ಬಂದಳಂತೆ! ಆಮೇಲೆ ಫೋನು ಹಿಡಿದು ರೆಕಾರ್ಡ್ ಮಾಡಿಕೊಳ್ಳುವವರು ಓಣಿ ಹುಡುಕಿಕೊಂಡು ಬಂದರು. ಆದರೂ ಅವಳು ಊರಿನ ಹತ್ತಿ ಮಿಲ್ಲಿನ ಕೂಲಿ ಕೆಲಸ ಬಿಡಲಿಲ್ಲ.

ಡಿಗ್ರಿ ಮುಗಿಸಿದ ನಾನೂ ಅಲ್ಲೇ ತೂಕ ಬರೆದುಕೊಳ್ಳುತ್ತಿದ್ದೆ. ಹತ್ತಿ ಆರಿಸುತ್ತ ಅವಳು ಸಾಲು ಎತ್ತಿದರೆ ಉಳಿದವರು ಸೊಲ್ಲು, ಅಂದರೆ ಅದಕ್ಕೆ ಉತ್ತರದ ಸಾಲು, ತಿರುಗಿಸಬೇಕು. ಒಬ್ಬಳ ದನಿ ಕಡಿಮೆಯಾದರೂ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ.

"ಏ ಕಾಲೇಜು, ಬಾಯಾಗ ಹತ್ತಿ ತುರುಕ್ಯಾರೇನು? ಸೊಲ್ಲು ಹಿಡಿಯವ್ವ!"

"ನಂದು ಕತ್ತೆ ದನಿ, ಅತ್ತಿ."

"ಇರ್ಲಿ. ಕತ್ತೆ ಎಲ್ಲೈತಿ ಅಂತಾದ್ರೂ ಗೊತ್ತಾಗ್ಲಿ."

ಒಂದು ಮಧ್ಯಾಹ್ನ ಮಿಲ್ಲಿನ ಯಂತ್ರದಿಂದ ಕಿಡಿ ಹಾರಿ ಹತ್ತಿರಾಶಿಗೆ ಬಿತ್ತು. ಕ್ಷಣದಲ್ಲಿ ಶೆಡ್ಡಿನ ತುಂಬ ಹೊಗೆ… ನನ್ನ ಕೈ ನನಗೇ ಕಾಣಲಿಲ್ಲ. ಬಾಗಿಲ ಕಡೆಯಿಂದ ಅವಳ ದನಿ ಬಂತು: "ಸುಗ್ಗಿಗೆ ಹೋದೋರು ಬಂದ್ರೇನವ್ವಾ?"

"ಬಂದೇವವ್ವ, ಬಾಗಿಲ ತೆಗಿಯೇ…" ಹೆಂಗಸರು ಕೆಮ್ಮುತ್ತಲೇ ಸೊಲ್ಲು ತಿರುಗಿಸುತ್ತ, ಆ ದನಿಯ ಜಾಡು ಹಿಡಿದು ಹೊರಬಿದ್ದರು. ಚೀಲಗಳ ಹಿಂದೆ ಬಿದ್ದಿದ್ದ ನನಗೆ ಗಂಟಲು ಕಟ್ಟಿಹೋಗಿತ್ತು. ಅವಳು ಅದೇ ಸಾಲನ್ನು ಮತ್ತೆ ಎತ್ತಿದಳು. ಮತ್ತೆ…

"ಕಾಲೇಜಿನಾಕಿ ದನಿ ಇಲ್ಲ!" ಎಂದದ್ದು ಕೇಳಿಸಿತು. ಯಾರೋ "ಬ್ಯಾಡ ಅಕ್ಕಾ!" ಎಂದು ಚೀರಿದರು. ಆಮೇಲೆ ಒಂದು ಬಿಸಿ ಕೈ ನನ್ನ ಜಡೆ ಹಿಡಿದು ದರದರ ಎಳೆಯಿತು.

ನಾನು ಉಳಿದೆ. ಬೆಂಕಿಯ ಹೊಗೆ ಅವಳ ಗಂಟಲನ್ನು ತಿಂದಿತ್ತು. ಮುಂದೆ ಅವಳು ಮಾತಾಡಿದಳು, ಗಾಳಿ ಊದಿದಂತೆ; ಹಾಡಲಿಲ್ಲ. ಹೋದ ತಿಂಗಳು ಆ ಉಸಿರೂ ನಿಂತಿತು.

ಇಸ್ತ್ರಿ ಬಿಟ್ಟು ಓಡಿಬಂದವಳು ಬೀದಿಯಲ್ಲಿ ನಿಂತೇ ಇದ್ದೆ. ಎದುರು ಮನೆಯ ಫೋನಿನಲ್ಲಿ ಅವಳ ಹಳೆಯ ದನಿ ಹಾಡುತ್ತಿತ್ತು: ಸುಗ್ಗಿಗೆ ಹೋದೋರು ಬಂದ್ರೇನವ್ವಾ? ನಾನು ಬಾಯಿ ತೆರೆದೆ. ದನಿ ಹೊರಡುವಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿತ್ತು.