ಎಲುಬಿಲ್ಲದ ಕೋಳಿ

ಗೆಳತಿಯರೇ, ಇವತ್ತು ಮಧ್ಯಾಹ್ನ ನನ್ನ ಅಡುಗೆಮನೆಯಲ್ಲೇ ನನಗೆ ಕೆಲಸ ಇಲ್ಲದಂತಾಯಿತು.

ಹೊಳಲ್ಕೆರೆಯಿಂದ ಮಗಳು ಮತ್ತು ಹೊಸ ಅಳಿಯ ಊಟಕ್ಕೆ ಬಂದಿದ್ದರು. ಸೊಸೆ ಶೋಭಾ ಫೋನ್ ನೋಡಿಕೊಂಡು ಕೇಜನ್ ಚಿಕನ್ ಎಂಬ ಅಮೆರಿಕದ ಖಾರದ ಅಡುಗೆಯನ್ನು ಕುಕ್ಕರಿನಲ್ಲಿ ಮಾಡಿದಳು. ಮಾಡಲಿ, ನಾನು ಅಡ್ಡ ಬರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಕೋಳಿ ಯಾರೇ ಬೇಯಿಸಲಿ, ಬಡಿಸುವವಳು ನಾನು. ಅಳಿಯನಿಗೆ ಕಾಲು, ಹಿರಿಯರಿಗೆ ಲಿವರ್, ನನ್ನ ಮಾತು ಮೀರಿದವರಿಗೆ ಕುತ್ತಿಗೆ. ಯಾರಿಗೆ ಎಷ್ಟು ಬೆಲೆ ಎಂಬುದನ್ನು ನನ್ನ ಸೌಟೇ ಹೇಳುತ್ತಿತ್ತು.

ಮುಚ್ಚಳ ತೆಗೆದು ಎಷ್ಟು ತಡಕಿದರೂ ಕಾಲು ಸಿಗಲಿಲ್ಲ.

"ಶೋಭಾ, ಅಳಿಯಂದ್ರ ಕಾಲು ಎಲ್ಲೈತೆ?"

"ಅತ್ತೆ, ಅದು ಬೋನ್‌ಲೆಸ್ ಕಣ್ರಿ. ಎಲ್ಲಾ ತುಂಡೂ ಒಂದೇ. ಅವ್ರವ್ರೇ ಹಾಕ್ಕಂತಾರೆ, ನೀವು ಕುಂತ್ಕಳ್ರಿ."

ಅಳಿಯ ನಕ್ಕು, "ನನ್ನ ಕಾಲು ನನ್ನತ್ರನೇ ಐತೆ ಬಿಡ್ರಿ ಅತ್ತೆ. ಯಾವ ತುಂಡಾದ್ರೇನು?" ಅಂದರು. ಮಗಳೂ ನಕ್ಕಳು.

ಸೌಟು ಕೆಳಗಿಟ್ಟು ಕುಳಿತೆ. ಸೊಸೆ ಒಂದು ತುಂಡನ್ನು ನೀರಿನಲ್ಲಿ ತೊಳೆದು ನನ್ನ ತಟ್ಟೆಗೆ ಹಾಕಿದಳು. "ಖಾರ ಜಾಸ್ತಿ ಆಗೈತೆ, ನಿಮಗೆ ತಡಿಯಲ್ಲ."

ನಮ್ಮಲ್ಲಿ ಹಾಗೆ ಖಾರ ತೊಳೆದು ಕೊಡುವುದು ಅಂಗನವಾಡಿಗೆ ಹೋಗುವ ಮಕ್ಕಳಿಗೆ. ಅಳಿಯನ ಎದುರು ಮಾತು ಬೆಳೆಸುವುದು ಮರ್ಯಾದೆಯಲ್ಲವೆಂದು ಅದನ್ನೇ ತಿಂದೆ.

ಖಾರಕ್ಕೆ ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನೂ ಒರೆಸಿಕೊಂಡೆ. ಪುಣ್ಯಕ್ಕೆ ಯಾರಿಗೂ ಅನುಮಾನ ಬರಲಿಲ್ಲ.